‘ನನ್ ಪಾತ್ರನೇ ಹಂಗೆ’ ಅಂದ್ರೆ ಪರದೆ ಬಿಡಿ

ರಾಕ್ಷಸನನ್ನು ಕೊಲ್ಲುವುದು ಕಷ್ಟವೋ, ಐದು ಜನ ಸ್ನೇಹಿತರನ್ನು ಒಂದೇ ಮೇಜಿನ ಸುತ್ತ ನಾಲ್ಕು ಗಂಟೆ ಜಗಳವಿಲ್ಲದೆ ಕೂರಿಸುವುದು ಕಷ್ಟವೋ? ಎರಡನೆಯದೇ ಕಷ್ಟ. ಎರಡು ವರ್ಷದಿಂದ ಭಾನುವಾರಗಳನ್ನೆಲ್ಲ ಇದಕ್ಕೇ ಸವೆಸಿರುವುದರಿಂದ ಧೈರ್ಯವಾಗಿ ಹೇಳಬಲ್ಲೆ.

ನಾವು ಆಡುವುದು ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್. ಹೆಸರು ಉದ್ದ, ಆಟ ಸರಳ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ತಲಾ ಒಂದು ಪಾತ್ರ ಹಿಡಿಯುತ್ತಾರೆ. ‘ನಿಮ್ಮ ಮುಂದೆ ತುಂಬಿದ ಹೊಳೆ. ಅಂಬಿಗ ದುಪ್ಪಟ್ಟು ಕಾಸು ಕೇಳ್ತಿದ್ದಾನೆ. ಏನ್ ಮಾಡ್ತೀರಿ?’ ಅಂತ ಕಥೆಗಾರ ಕೇಳಿದರೆ ಒಬ್ಬ ಚೌಕಾಸಿ ಮಾಡುತ್ತಾನೆ, ಇನ್ನೊಬ್ಬ ಈಜಿಗೆ ಇಳಿಯುತ್ತಾನೆ. ಈಜು ದಡ ಸೇರಿಸುತ್ತದೋ ಇಲ್ಲವೋ ಎಂಬುದನ್ನು 20 ಮುಖದ ದಾಳ ತೀರ್ಮಾನಿಸುತ್ತದೆ. ಕಾಗದ, ಪೆನ್ಸಿಲ್, ದಾಳ, ಬಾಯಿ ಇಷ್ಟಿದ್ದರೆ ಸಾಕು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನಿಂದ ಈ ಬಗೆಯ ಆಟ ಜನಪ್ರಿಯವಾಯಿತು. ಅದರಲ್ಲಿ ಕಥೆ ನಡೆಸುವವರಿಗೆ ‘ಡಂಜನ್ ಮಾಸ್ಟರ್’ ಎಂದು ಹೆಸರು. 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ನೋಡಿದವರಿಗೆ ಆ ಹುಡುಗರು ನೆಲಮಾಳಿಗೆಯಲ್ಲಿ ಕೂತು ಆಡುವ ಆಟ ನೆನಪಿರಬಹುದು. ಅದೇ ಇದು.

ನಮ್ಮ ಗುಂಪಿನಲ್ಲಿ ಮಂಡ್ಯದವರು ಇಬ್ಬರು, ಮಳವಳ್ಳಿಯವರು ಇಬ್ಬರು, ಮದ್ದೂರಿನವರು ನಾನೂ ಸೇರಿ ಇಬ್ಬರು. ಮಂಡ್ಯದವರಿಗೆ ರೈಲಿದೆ, ಮಳವಳ್ಳಿಗೆ ರೈಲಿಲ್ಲ, ಬಸ್ಸೇ ಗತಿ. ಹಾಗಾಗಿ ನಡುವೆ ಇರುವ ಮದ್ದೂರಿನಲ್ಲೇ ಸೇರುತ್ತೇವೆ. ನಮ್ಮ ಕಥೆಯಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಇಲ್ಲ. ಕೊಕ್ಕರೆ ಬೆಳ್ಳೂರಿನಂಥ ಹಕ್ಕಿಗಳ ಊರಿನಿಂದ ಹೊರಟು, ಶಿಂಷೆಯ ದಡ ಹಿಡಿದು, ಮುತ್ತತ್ತಿಯ ಕಾಡು ಹಾದು, ಗಗನಚುಕ್ಕಿಯ ಬೋರ್ಗರೆತದ ಹಿಂದೆ ಅಡಗಿರುವ ಪಾಳೆಗಾರನ ಖಜಾನೆ ಹುಡುಕುವುದು ಕಥೆ. ದಾರಿಯಲ್ಲಿ ಬ್ರಹ್ಮರಾಕ್ಷಸ, ಕಳ್ಳ ಸುಂಕದವನು, ಮಾತಾಡುವ ಕೊಕ್ಕರೆ ಎಲ್ಲ ಸಿಗುತ್ತವೆ.

ಕಥೆ ನಡೆಸುವ ಕೆಲಸ ನನ್ನದು. ಕತ್ತಿಯ ಏಟಿಗೆ ಎಷ್ಟು ಅಂಕ, ಮಂತ್ರಕ್ಕೆ ಎಷ್ಟು ಶಕ್ತಿ ಎಂಬುದನ್ನು ನಿಯಮದ ಪುಸ್ತಕ ಪುಟಗಟ್ಟಲೆ ಹೇಳುತ್ತದೆ. ಮಧ್ಯದಲ್ಲಿ ಮುನಿಸಿಕೊಂಡು ಎದ್ದ ಗೆಳೆಯನನ್ನು ವಾಪಸ್ ಕೂರಿಸುವ ವಿದ್ಯೆಗೆ ಮಾತ್ರ ನಾನು ಹುಡುಕಿಕೊಂಡು ಹೋದದ್ದು ನಮ್ಮ ಕಡೆಯ ಹಾರ್ಮೋನಿಯಂ ಮೇಷ್ಟ್ರುಗಳನ್ನು.

ನಮ್ಮ ಕಡೆಯ ಡಂಜನ್ ಮಾಸ್ಟರ್

ಮಂಡ್ಯ ಜಿಲ್ಲೆಯಲ್ಲಿ ಪೌರಾಣಿಕ ನಾಟಕ ನೋಡದೆ ಬೆಳೆದವರು ಕಡಿಮೆ. ಮಂಡ್ಯದ ಕಲಾಮಂದಿರವಿರಲಿ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಯ ಜಾತ್ರೆಯಿರಲಿ, ‘ಕುರುಕ್ಷೇತ್ರ’ದ ಪೋಸ್ಟರ್ ಕಾಣದ ವರ್ಷವಿಲ್ಲ. ಪಾತ್ರಧಾರಿಗಳ ಸಾಲು ಸಾಲು ಫೋಟೊ, ಕೆಳಗೆ ಅವರವರ ಪಾತ್ರ. ಹಗಲು ಕಬ್ಬು ಕಡಿಯುವವರು, ಆಟೊ ಓಡಿಸುವವರು, ಶಾಲೆಯಲ್ಲಿ ಪಾಠ ಮಾಡುವವರು ರಾತ್ರಿ ದುರ್ಯೋಧನ, ಭೀಮ, ಕರ್ಣರಾಗುತ್ತಾರೆ. ಹಾಗೆ ಆಗುವುದಕ್ಕೆ ತಮ್ಮ ಕೈಯಿಂದಲೇ ದುಡ್ಡು ಕೊಡುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ, ಸಣ್ಣ ಪಾತ್ರಕ್ಕೆ ಸಣ್ಣ ಮೊತ್ತ. ಸೀನರಿ, ವೇಷಭೂಷಣ, ಲೈಟು, ವಾದ್ಯ, ಹೊರಗಿನಿಂದ ಬರುವ ಸ್ತ್ರೀ ಪಾತ್ರದ ಕಲಾವಿದೆಯರ ಸಂಭಾವನೆ ಎಲ್ಲ ಆ ಹಣದಲ್ಲೇ ಆಗಬೇಕು.

ಈ ಇಪ್ಪತ್ತು, ಮೂವತ್ತು ಜನರನ್ನು ತಿಂಗಳುಗಟ್ಟಲೆ ರಾತ್ರಿ ತಾಲೀಮಿಗೆ ಕೂರಿಸಿ, ಸ್ವರ ಹಿಡಿಸಿ, ಜಗಳ ಬಿಡಿಸಿ, ಬೆಳಗಿನವರೆಗೂ ರಂಗದ ಮೇಲೆ ಸಂಭಾಳಿಸುವ ಮನುಷ್ಯ ಒಬ್ಬನೇ. ಅವರೇ ಹಾರ್ಮೋನಿಯಂ ಮೇಷ್ಟ್ರು. ಅವರ ಕೈಯಲ್ಲಿ ಕೋಲಿಲ್ಲ. ಪಾತ್ರಧಾರಿಗಳು ಅವರ ನೌಕರರೂ ಅಲ್ಲ, ದುಡ್ಡು ಕೊಟ್ಟು ಬಂದವರು. ಹಾಗಿದ್ದೂ ಅವರ ಮಾತು ನಡೆಯುತ್ತದೆ. ಹೇಗೆ ಎಂದು ಕುತೂಹಲದಿಂದ ನಾಲ್ಕಾರು ತಾಲೀಮುಗಳಲ್ಲಿ ಮೂಲೆ ಹಿಡಿದು ಕೂತು ನೋಡಿದೆ. ಮೂರು ವಿದ್ಯೆ ಕಂಡವು. ಮೂರನ್ನೂ ನಮ್ಮ ಮೇಜಿಗೆ ತಂದಿದ್ದೇವೆ.

ಮೊದಲೇ ಆಡಿದ ಮಾತು

ನಾಟಕದ ಅರ್ಧ ಜಗಳ ಪಾತ್ರ ಹಂಚುವ ದಿನವೇ ಮುಗಿದುಹೋಗಿರುತ್ತದೆ. ಯಾರಿಗೆ ಯಾವ ಪಾತ್ರ, ಎಷ್ಟು ಹಾಡು, ಎಷ್ಟು ಹಣ, ತಾಲೀಮು ಯಾವ ಯಾವ ವಾರ, ಬರದಿದ್ದರೆ ಏನು ಎಲ್ಲವೂ ಅಂದೇ ಇತ್ಯರ್ಥ. ಕೃಷ್ಣನ ಪಾತ್ರಕ್ಕೆ ಇಬ್ಬರು ಪಟ್ಟು ಹಿಡಿದರೆ ಒಬ್ಬ ಮೊದಲನೇ ಕೃಷ್ಣ, ಇನ್ನೊಬ್ಬ ಎರಡನೇ ಕೃಷ್ಣ. ಅರ್ಧ ರಾತ್ರಿ ಒಬ್ಬನ ಕಿರೀಟ, ಉಳಿದರ್ಧ ಇನ್ನೊಬ್ಬನ ಕಿರೀಟ. ಪ್ರೇಕ್ಷಕರು ಅದಕ್ಕೆ ಒಗ್ಗಿಕೊಂಡಿದ್ದಾರೆ.

ವಿದೇಶದ ಆಟಗಾರರು ಇದನ್ನೇ ‘ಸೆಷನ್ ಝೀರೋ’ ಎನ್ನುತ್ತಾರೆ. ಕಥೆ ಶುರುವಾಗುವ ಮೊದಲು ಒಂದು ದಿನ ಬರೀ ಮಾತಿಗೆ. ನಾವೂ ಅಂಥದೊಂದು ಭಾನುವಾರ ಇಟ್ಟುಕೊಂಡಿದ್ದೆವು. ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿತಾಯ? ಮಳವಳ್ಳಿ ಬಸ್ಸಿನ ಸಮಯ ನೋಡಿಕೊಂಡೇ ಐದಕ್ಕೆ ಮುಗಿಸಬೇಕು ಅಂತ ಆಯಿತು. ಫೋನ್? ಕಿಟಕಿಯ ಮೇಲೆ ಸಾಲಾಗಿ, ಮುಖ ಕೆಳಗೆ. ಮನೆಯಿಂದ ಕರೆ ಬಂದರೆ ಹೊರಗೆ ಹೋಗಿ ಮಾತಾಡಬಹುದು, ರೀಲ್ಸ್ ನೋಡುವಂತಿಲ್ಲ. ಕಥೆಯಲ್ಲಿ ಏನಿರಬಾರದು? ಒಬ್ಬ ಹಾವು ಬೇಡ ಎಂದ. ಇನ್ನೊಬ್ಬಳು ಮಕ್ಕಳ ಸಾವು ಬೇಡ ಎಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಪಟ್ಟಿ ಗೋಡೆಯ ಮೇಲೆ ಅಂಟಿಕೊಂಡಿತು. ಜಾತಿ ಎತ್ತಿ ಹಾಸ್ಯ ಮಾಡುವಂತಿಲ್ಲ ಎಂಬುದನ್ನು ನಾನು ಸೇರಿಸಿದೆ. ಹಳ್ಳಿಯ ಕಥೆ ಕಟ್ಟುವಾಗ ಅದು ನಾಲಿಗೆಯ ತುದಿಯಲ್ಲೇ ಇರುತ್ತದೆ.

ಈ ಪಟ್ಟಿಯ ಲಾಭ ಆಮೇಲೆ ಗೊತ್ತಾಗುತ್ತದೆ. ಆಟದ ಮಧ್ಯೆ ಒಬ್ಬನನ್ನು ತಡೆದರೆ ಅದು ಅವನಿಗೆ ಅವಮಾನ. ಗೋಡೆಯ ಕಡೆ ಬೆರಳು ತೋರಿಸಿದರೆ ಅವನೇ ಒಪ್ಪಿದ ಮಾತು ಅವನಿಗೆ ನೆನಪಾಗುತ್ತದೆ.

ಒನ್ಸ್ ಮೋರ್ ಕಾಯಿಲೆ

ನಾಟಕದಲ್ಲಿ ಒಳ್ಳೆಯ ಹಾಡಿಗೆ ‘ಒನ್ಸ್ ಮೋರ್’ ಬೀಳುತ್ತದೆ. ಪಾತ್ರಧಾರಿಯ ನೆಂಟರು ನೋಟಿನ ಹಾರ ಹಿಡಿದು ಹತ್ತುತ್ತಾರೆ. ದುರ್ಯೋಧನ ಮತ್ತೆ ಹಾಡುತ್ತಾನೆ. ಮೂರನೇ ಸಲವೂ ಅವನು ಸಿದ್ಧ. ಆದರೆ ಪರದೆಯ ಹಿಂದೆ ಎರಡು ತಿಂಗಳು ತಾಲೀಮು ಮಾಡಿದ ವಿದುರ ಒಂದೇ ಒಂದು ಹಾಡಿಗೆ ಕಾಯುತ್ತಿರುತ್ತಾನೆ. ಅವನ ಸರದಿ ಬರುವಷ್ಟರಲ್ಲಿ ಬೆಳಕು ಹರಿದು, ಜನ ಚಾಪೆ ಸುತ್ತಿಕೊಂಡು ಎದ್ದಿರುತ್ತಾರೆ. ಅನುಭವಿ ಮೇಷ್ಟ್ರು ಇಲ್ಲಿ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಮುಂದಿನ ಹಾಡಿನ ಶ್ರುತಿ ಹಿಡಿದುಬಿಡುತ್ತಾರೆ. ಹಾರ್ಮೋನಿಯಂ ಮುಂದಕ್ಕೆ ಹೋದ ಮೇಲೆ ದುರ್ಯೋಧನನಾದರೂ ಏನು ಮಾಡಿಯಾನು?

ನಮ್ಮ ಮೇಜಿನಲ್ಲೂ ಒಬ್ಬ ದುರ್ಯೋಧನನಿದ್ದಾನೆ. ಅಂಬಿಗನ ಜೊತೆ ಅವನೇ ಮಾತಾಡಬೇಕು, ಬೀಗ ಅವನೇ ಒಡೆಯಬೇಕು, ಇನ್ನೊಬ್ಬರ ಸರದಿಯಲ್ಲೂ ‘ನೀನು ಹಿಂಗ್ ಮಾಡ್ಲಾ’ ಎಂದು ಅವನೇ ಹೇಳಿಕೊಡಬೇಕು. ಒಳ್ಳೆಯ ಹುಡುಗ, ಹುರುಪು ಜಾಸ್ತಿ ಅಷ್ಟೆ. ಅವನಿಗೆ ‘ಸುಮ್ನಿರು’ ಎಂದರೆ ಆಟದ ಜೀವವೇ ಹೋಗುತ್ತದೆ. ಅದಕ್ಕೇ ಮೇಷ್ಟ್ರ ದಾರಿ ಹಿಡಿದೆ. ಅವನ ಮಾತು ಒಂದು ಘಟ್ಟಕ್ಕೆ ಬಂದ ಕೂಡಲೇ ಕಥೆಯನ್ನು ಇನ್ನೊಬ್ಬರ ಕಡೆ ತಿರುಗಿಸುತ್ತೇನೆ. ‘ಅವನು ಅಂಬಿಗನ ಜೊತೆ ಗುದ್ದಾಡ್ತಿರೋವಾಗ ದಡದಲ್ಲಿ ನಿಂತಿರೋ ನಿನಗೆ ಪೊದೆಯಲ್ಲಿ ಏನೋ ಸರಿದಾಡಿದ ಸದ್ದು ಕೇಳ್ತು. ಏನ್ ಮಾಡ್ತೀಯ?’ ಪ್ರಶ್ನೆ ಹೆಸರು ಹಿಡಿದು ಹೋಗಬೇಕು. ‘ಯಾರಾದ್ರೂ ಏನಾದ್ರೂ ಮಾಡ್ತೀರಾ?’ ಎಂದರೆ ಉತ್ತರ ಮತ್ತೆ ದುರ್ಯೋಧನನಿಂದಲೇ ಬರುತ್ತದೆ.

ಎಲ್ಲರ ನಡುವಿನ ಬಟ್ಟಲು

ಇನ್ನೊಂದು ಕಾಯಿಲೆ ದಾಳದ್ದು. ಒಬ್ಬರಿಗೆ ಸಾಲಾಗಿ 18, 19, 20 ಬೀಳತೊಡಗಿದರೆ, ಬಿದ್ದ ದಾಳವನ್ನು ಅವರು ತಕ್ಷಣ ಕೈಯಲ್ಲಿ ಮುಚ್ಚಿಕೊಂಡರೆ ಏನು ಮಾಡುವುದು? ‘ಮೋಸ ಮಾಡ್ತಿದ್ದೀಯ’ ಎಂದು ಬಾಯಿಬಿಟ್ಟರೆ ಸ್ನೇಹ ಮುರಿಯುತ್ತದೆ, ಸುಮ್ಮನಿದ್ದರೆ ಆಟ ಕೆಡುತ್ತದೆ.

ಉತ್ತರ ಚೌಕಾಬಾರ ಆಡುವ ಅಜ್ಜಿಯರ ಹತ್ತಿರವಿದೆ. ಕವಡೆ ಎಲ್ಲರ ನಡುವೆ ಬೀಳಬೇಕು, ಎಣಿಕೆ ಎಲ್ಲರ ಕಣ್ಣಿಗೆ ಕಾಣಬೇಕು. ಸೀರೆಯ ಮಡಿಲಲ್ಲಿ ಬಿದ್ದದ್ದು ಲೆಕ್ಕಕ್ಕಿಲ್ಲ. ಮೇಜಿನ ಮಧ್ಯೆ ಒಂದು ಸ್ಟೀಲ್ ಬಟ್ಟಲು ಇಟ್ಟೆವು. ದಾಳ ಅದರಲ್ಲೇ ಬೀಳಬೇಕು, ಪಕ್ಕದಲ್ಲಿ ಕೂತವರು ಅಂಕ ಕೂಗಬೇಕು. ನನ್ನ ದಾಳಕ್ಕೂ ಅದೇ ನಿಯಮ. ಆ ಬಟ್ಟಲಿಗೆ ‘ಶಕುನಿ’ ಎಂದು ನಾಮಕರಣವಾಯಿತು. ಯಾರ ಮೇಲೂ ಆರೋಪ ಹೊರಿಸದೆ ಸಮಸ್ಯೆ ಮುಗಿಯಿತು. ಬಟ್ಟಲಿನ ಟಣ್ ಎನ್ನುವ ಸದ್ದಿಗೆ ಈಗ ಎಲ್ಲರೂ ಕುತ್ತಿಗೆ ಚಾಚುತ್ತಾರೆ. ಆಟದ ರುಚಿಯೂ ಹೆಚ್ಚಿದೆ.

ಪಾತ್ರದ ಮರೆಯಲ್ಲಿ ಯಾರು?

ಇವೆಲ್ಲ ಸಣ್ಣ ಪುಟ್ಟವು. ಒಂದು ಭಾನುವಾರ ಬಂದದ್ದು ಮಾತ್ರ ಸಣ್ಣದಾಗಿರಲಿಲ್ಲ.

ಮಂಡ್ಯದ ಗೆಳೆಯನೊಬ್ಬನ ಪಾತ್ರ ದರೋಡೆಕೋರ. ಮಳವಳ್ಳಿಯ ಗೆಳತಿಯದು ಬೇರು ನಾರು ಬಲ್ಲ ನಾಟಿ ವೈದ್ಯೆ. ಕಾಡಿನಲ್ಲಿ ಬಿಡಾರ ಹೂಡಿದಾಗ ದರೋಡೆಕೋರ ‘ಇವಳನ್ನ ನಾನು ಮದ್ವೆ ಆಯ್ತೀನಿ’ ಎಂದ. ವೈದ್ಯೆ ‘ಮೊದ್ಲು ನಿನ್ ಕಜ್ಜಿಗೆ ಮದ್ದು ಹಚ್ಚಿಸ್ಕೊ’ ಎಂದು ತಿರುಗೇಟು ಕೊಟ್ಟಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮುಂದಿನ ಊರಿನಲ್ಲಿ ಅವನು ಮತ್ತೆ ಶುರುಮಾಡಿದ. ಈ ಸಲ ‘ಕೈಕಾಲು ಕಟ್ಟಿ ಹೊತ್ಕೊಂಡ್ ಹೋಗ್ತೀನಿ’ ಎಂದು ದಾಳಕ್ಕೆ ಕೈ ಹಾಕಿದ. ಅವಳು ನಗಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಗೋಡೆಯ ಮೇಲಿನ ಗಡಿಯಾರ ನೋಡಿದಳು. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು.

ದಾಳ ಬೀಳುವ ಮೊದಲೇ ಬಟ್ಟಲಿನ ಮೇಲೆ ಕೈ ಇಟ್ಟು ಆಟ ನಿಲ್ಲಿಸಿದೆ. ಅವನಿಗೆ ಕೋಪ ಬಂತು. ‘ನಾನಲ್ಲ ಕಣಪ್ಪ, ನನ್ ಪಾತ್ರನೇ ಹಂಗೆ. ದರೋಡೆಕೋರ ಇನ್ನೇನ್ ಭಜನೆ ಮಾಡ್ತಾನಾ?’

ಈ ವಾದ ಇಂಥ ಆಟದ ಗುಂಪುಗಳಿಗೆಲ್ಲ ಪರಿಚಿತ. ಭಾಷೆ ಬೇರೆ ಬೇರೆ, ನೆಪ ಒಂದೇ. ಇದಕ್ಕೆ ನನ್ನ ಉತ್ತರ ಇಷ್ಟು: ಪಾತ್ರಕ್ಕೆ ತಲೆಯಿಲ್ಲ, ನಾಲಿಗೆಯಿಲ್ಲ. ಅದು ಆಡುವ ಮಾತೆಲ್ಲ ನಮ್ಮ ತಲೆಯಿಂದ ಬಂದದ್ದು. ದರೋಡೆಕೋರ ಸುಂಕದವನ ಪೆಟ್ಟಿಗೆ ಒಡೆಯಬಹುದಿತ್ತು, ಪಾಳೆಗಾರನ ಕುದುರೆ ಕದಿಯಬಹುದಿತ್ತು. ಹತ್ತು ದಾರಿ ಇದ್ದಾಗ ಇದನ್ನೇ ಆರಿಸಿದ್ದು ಪಾತ್ರವಲ್ಲ, ಮೇಜಿನ ಮುಂದೆ ಕೂತಿದ್ದ ಗೆಳೆಯ. ಕಟ್ಟಿಹಾಕಿಸಿಕೊಳ್ಳುವುದು ಕಾಗದದ ಮೇಲಿನ ವೈದ್ಯೆಯಾದರೂ ಅದನ್ನು ಕೇಳಿಸಿಕೊಳ್ಳುವುದು ಎದುರು ಕೂತ ಹುಡುಗಿಯ ಕಿವಿ.

ಪೌರಾಣಿಕ ನಾಟಕದವರಿಗೆ ಇದು ಚೆನ್ನಾಗಿ ಗೊತ್ತು. ದ್ರೌಪದಿಯ ವಸ್ತ್ರಾಪಹರಣ ಇರುವ ನಾಟಕವನ್ನೇ ನೋಡಿ. ದ್ರೌಪದಿಯಾಗುವ ಕಲಾವಿದೆ ಬೇರೆ ಊರಿನಿಂದ ಬಂದಿರುತ್ತಾರೆ. ದುಶ್ಶಾಸನನಾಗುವವನನ್ನು ಆವತ್ತೇ ಮೊದಲ ಸಲ ನೋಡಿರಲೂಬಹುದು. ಸಾವಿರ ಜನರ ಮುಂದೆ ಅವನು ಅವರ ಸೆರಗಿಗೆ ಕೈ ಹಾಕಬೇಕು. ನಾನು ನೋಡಿದ ತಾಲೀಮೊಂದರಲ್ಲಿ ಮೇಷ್ಟ್ರು ಹಾರ್ಮೋನಿಯಂ ಬಿಟ್ಟೆದ್ದು ಬಂದು ಎಲ್ಲಿ ನಿಲ್ಲಬೇಕು, ಸೆರಗಿನ ಯಾವ ತುದಿ ಹಿಡಿಯಬೇಕು, ಎಷ್ಟು ದೂರ ಇರಬೇಕು ಎಂದು ದುಶ್ಶಾಸನನಿಗೆ ಅಳತೆ ಹಾಕಿಕೊಟ್ಟರು. ದುಶ್ಶಾಸನ ಎಷ್ಟು ಬೇಕಾದರೂ ಅಬ್ಬರಿಸಲಿ, ಆ ಅಳತೆ ಮೀರುವಂತಿಲ್ಲ. ಅಳತೆ ಗಟ್ಟಿಯಿರುವುದರಿಂದಲೇ ಇಬ್ಬರೂ ನಿರ್ಭಯವಾಗಿ ಅಭಿನಯಿಸುತ್ತಾರೆ, ನೋಡುವವರ ಕಣ್ಣು ಒದ್ದೆಯಾಗುತ್ತದೆ.

ಅದೇ ಮಹಾಭಾರತದ ದ್ಯೂತಸಭೆಯನ್ನು ನೆನೆದುಕೊಳ್ಳಿ. ಅದೂ ದಾಳದ ಆಟವೇ. ಪಣ ಇಟ್ಟರು, ದಾಳ ಬಿತ್ತು, ಸೋತರು. ಆಟದ ರೀತಿಯಂತೆಯೇ ನಡೆಯಿತು ಎಂದು ವಾದಿಸುವವರು ಆ ಸಭೆಯಲ್ಲೂ ಇದ್ದರು. ದೊಡ್ಡವರೆಲ್ಲ ತಲೆ ತಗ್ಗಿಸಿ ಕೂತರು. ಎದ್ದು ಮಾತಾಡಿದವರು ವಿದುರ ಮತ್ತು ಕೌರವರಲ್ಲೇ ಒಬ್ಬನಾದ ವಿಕರ್ಣ. ಆಟ ನಿಲ್ಲಿಸುವ ಅಧಿಕಾರವಿದ್ದ ಧೃತರಾಷ್ಟ್ರ ಹೊತ್ತು ಮೀರುವವರೆಗೆ ಬಾಯಿ ಬಿಡಲಿಲ್ಲ. ಮೇಜಿನ ತುದಿಯಲ್ಲಿ ಕೂತವರು ಯಾರಂತಾಗಬಾರದು ಎಂದು ನಮಗೆ ಬೇರೆ ಪುಸ್ತಕ ಹೇಳಬೇಕಾಗಿಲ್ಲ.

ಪರದೆ!

ಜಾನ್ ಸ್ಟಾವ್ರೊಪೌಲೋಸ್ ಎಂಬ ಆಟದ ವಿನ್ಯಾಸಕ ‘ಎಕ್ಸ್ ಕಾರ್ಡ್’ ಎಂಬ ಸರಳ ಉಪಾಯ ರೂಪಿಸಿದ್ದಾರೆ. ಮೇಜಿನ ನಡುವೆ ಎಕ್ಸ್ ಗುರುತಿನ ಒಂದು ಚೀಟಿ. ಕಥೆಯ ಯಾವುದೇ ಭಾಗ ಸಹಿಸಲಾಗದಿದ್ದರೆ ಅದನ್ನು ಮುಟ್ಟಿದರಾಯಿತು. ಆ ಭಾಗ ಅಲ್ಲಿಗೇ ಬಿಟ್ಟು ಕಥೆ ಮುಂದಕ್ಕೆ. ಕಾರಣ ಕೊಡಬೇಕಿಲ್ಲ.

ಅದನ್ನು ನಮ್ಮದಾಗಿಸಿಕೊಂಡೆವು. ರಂಗದ ಮೇಲೆ ಕಿರೀಟ ಬಿದ್ದರೆ, ಮಾತು ಮರೆತರೆ, ಯಾರಾದರೂ ‘ಗುಂಡು’ ಹಾಕಿಕೊಂಡು ಬಂದು ತೂರಾಡಿದರೆ ನಾಟಕದವರು ಏನು ಮಾಡುತ್ತಾರೆ? ‘ಪರದೆ ಬುಡ್ರೋ!’ ಎಂದು ಕೂಗುತ್ತಾರೆ. ಪರದೆ ಇಳಿಯುತ್ತದೆ, ಮುಂದಿನ ಸೀನು ಬರುತ್ತದೆ. ನಮ್ಮಲ್ಲೂ ಈಗ ಯಾರು ಬೇಕಾದರೂ ‘ಪರದೆ’ ಎನ್ನಬಹುದು. ಅಂದ ಕೂಡಲೇ ಆ ದೃಶ್ಯ ಮುಗಿಯಿತು. ಬಾಯಿ ಬಾರದಿದ್ದರೆ ಬಟ್ಟಲು ತಟ್ಟಿದರೂ ಸಾಕು. ಹೀಗೆ ಮಾಡಿದರೆ ಎಲ್ಲರೂ ಮಾತುಮಾತಿಗೂ ಪರದೆ ಎಳೆಯುತ್ತಾರೆ ಎಂದು ಒಬ್ಬ ಹೆದರಿಸಿದ್ದ. ಇದುವರೆಗೆ ಅದನ್ನು ಬಳಸಿದ್ದು ನಾಲ್ಕೇ ಸಲ. ಅದರಲ್ಲಿ ಒಂದು ಸಲ ಬಳಸಿದವನು ಹೆದರಿಸಿದವನೇ.

ದರೋಡೆಕೋರ ಗೆಳೆಯನ ವಿಷಯಕ್ಕೆ ಬರೋಣ. ಅವನ ಜೊತೆ ಎಲ್ಲರ ಮುಂದೆ ವಾದ ಬೆಳೆಸಲಿಲ್ಲ. ಸಂಜೆ ರೈಲ್ವೆ ಸ್ಟೇಷನ್‌ವರೆಗೆ ಜೊತೆಗೆ ನಡೆದೆ. ‘ನೀನು ಕೆಟ್ಟವನು ಅಂತಲ್ಲ. ಈ ಎರಡು ಮಾತು ಇನ್ ಮುಂದೆ ಬೇಡ’ ಎಂದು ಆ ಎರಡು ಮಾತನ್ನೂ ಬಿಡಿಸಿ ಹೇಳಿದೆ. ‘ನೀನ್ ಸರಿ ಇಲ್ಲ’ ಎಂದರೆ ಮನುಷ್ಯ ತನ್ನನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾನೆ, ‘ಈ ಮಾತು ಬೇಡ’ ಎಂದರೆ ಬಿಡುವುದಕ್ಕೆ ಒಂದು ವಸ್ತು ಸಿಗುತ್ತದೆ. ಅವಳ ವಿಷಯವನ್ನೂ ಹೇಳಿದೆ. ಭಾನುವಾರ ಇನ್ನೊಂದು ಊರಿಗೆ ಹೋಗಿ ಆಟ ಆಡಿ ಬರುತ್ತೇನೆ ಎಂದು ಮನೆಯಲ್ಲಿ ಒಪ್ಪಿಸಲು ಅವಳಿಗೆ ಎರಡು ತಿಂಗಳು ಹಿಡಿದಿತ್ತು. ನಮಗೆ ಕ್ರಿಕೆಟ್ ಮೈದಾನವಿದೆ, ಟೀ ಅಂಗಡಿಯ ಕಟ್ಟೆಯಿದೆ, ಬೇಕೆಂದರೆ ರಾತ್ರಿಯಿಡೀ ನಾಟಕವಿದೆ. ಅವಳಿಗೆ ವಾರದಲ್ಲಿ ಇದ್ದದ್ದು ಆ ನಾಲ್ಕು ಗಂಟೆ, ಆ ಒಂದು ಕುರ್ಚಿ. ತಮಾಷೆಯ ಒಂದು ಮಾತಿಗೆ ಅದು ಹೋಗಬಹುದಿತ್ತು. ಅವನು ಏನೂ ಹೇಳದೆ ರೈಲು ಹತ್ತಿದ.

ಎರಡು ಭಾನುವಾರ ಅವನು ಬರಲಿಲ್ಲ. ಗುಂಪು ಒಡೆಯಿತು ಎಂದೇ ಉಳಿದವರು ಅಂದುಕೊಂಡರು. ಆ ಎರಡೂ ವಾರ ಆಟ ನಡೆಸಿದೆವು. ಅವಳು ಬಂದಳು, ಅವನ ಕುರ್ಚಿ ಖಾಲಿಯೇ ಇತ್ತು. ಮೂರನೇ ವಾರ ಮದ್ದೂರು ವಡೆಯ ಪೊಟ್ಟಣ ಹಿಡಿದು ಬಂದು ಕೂತ. ಭಾಷಣವಿಲ್ಲ. ‘ಆ ದರೋಡೆಕೋರನ್ನ ಸಾಯಿಸ್ಬುಡಿ, ನಾನು ಬೇರೆ ಪಾತ್ರ ಮಾಡ್ತೀನಿ’ ಎಂದ. ವೈದ್ಯೆ ವಡೆ ಮುರಿಯುತ್ತಾ ‘ಸಾಯಿಸೋದ್ಯಾಕೆ? ಕಾಸ್ ಕೊಟ್ಟು ನನ್ ಹತ್ರ ಮದ್ದಿಗೆ ಬರ್ಲಿ’ ಎಂದಳು. ದರೋಡೆಕೋರ ಈಗ ಅವಳ ಗಿಡಮೂಲಿಕೆಯ ಮೂಟೆ ಹೊರುತ್ತಾನೆ. ಗುಂಪಿನಲ್ಲಿ ಅತಿ ಹೆಚ್ಚು ನಗಿಸುವವನು ಅವನೇ, ಈಗಲೂ.

ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ. ಇನ್ನೊಬ್ಬ ಗೆಳೆಯ ಮೂರು ವಾರ ಬಂದಿದ್ದ. ಅವನಿಗೆ ಬರೀ ಹೊಡೆದಾಟ ಬೇಕು, ನಮಗೆ ಕಥೆ ಬೇಕು. ಕೂತು ಮಾತಾಡಿ ಬಿಟ್ಟೆವು. ಈಗಲೂ ಸಿಕ್ಕರೆ ಟೀ ಕುಡಿಯುತ್ತೇವೆ. ಸ್ನೇಹಿತರೆಲ್ಲ ಒಂದೇ ಆಟ ಆಡಬೇಕೆಂಬ ನಿಯಮವೇನಿಲ್ಲವಲ್ಲ.

ಪಾಳೆಗಾರನ ಖಜಾನೆ ಇನ್ನೇನು ಸಿಗುವುದರಲ್ಲಿದೆ. ಹೊಸ ಕಥೆಗೆ ವೈದ್ಯೆಯೇ ಮೇಷ್ಟ್ರು ಎಂದು ತೀರ್ಮಾನವಾಗಿದೆ. ಗೋಡೆಗೆ ಅಂಟಿಸುವ ಪಟ್ಟಿಯನ್ನು ಅವಳು ಆಗಲೇ ಬರೆದಿಟ್ಟಿದ್ದಾಳಂತೆ, ಯಾರಿಗೂ ತೋರಿಸಿಲ್ಲ. ಆಟ ಮಳವಳ್ಳಿಯಲ್ಲಿ, ಅವಳ ಮನೆಯ ಮಹಡಿಯ ಮೇಲೆ. ಕಡೆಯ ಬಸ್ಸಿನ ಸಮಯ ನೋಡಿಕೊಂಡು ಏಳುವ ಸರದಿ ಇನ್ನು ನಮ್ಮದು.